ನಾಲ್ಕನೇ ಅಳತೆ

2019ರ ಆಗಸ್ಟ್ ಮೊದಲ ವಾರವನ್ನು ಪುಣೆಯ ಕನ್ನಡಿಗರು ಮರೆತಿರಲಿಕ್ಕಿಲ್ಲ. ಕೊಲ್ಹಾಪುರದ ಹತ್ತಿರ ಪಂಚಗಂಗೆಯ ನೀರು ಹೆದ್ದಾರಿಗೇ ಬಂದು ಪುಣೆ-ಬೆಂಗಳೂರು ರಸ್ತೆ ದಿನಗಟ್ಟಲೆ ಮುಚ್ಚಿತ್ತು. ಊರಿಗೆ ಹೊರಟವರ ಬಸ್ಸುಗಳು ರದ್ದಾಗಿದ್ದವು. ಅದೇ ವಾರ ಒಂದು ರಾತ್ರಿ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಿಂದ ಅಣ್ಣನ ಫೋನು ಬಂತು. ಕರೆಂಟಿಲ್ಲ, ಟವರಿಲ್ಲ, ಗುಡ್ಡ ಹತ್ತಿ ಮಾತಾಡುತ್ತಿದ್ದೇನೆ ಅಂದ. ಹಿಂದೆ ಮಳೆಯ ಸದ್ದು ಕೇಳುತ್ತಿತ್ತು.

"ಅಪ್ಪ ನೆಟ್ಟ ಹಲಸಿನ ಮರ ಬಿತ್ತು ಮಾರಾಯ. ತೋಟದ ಮೇಲೇ. ಹದಿನಾಲ್ಕು ಅಡಿಕೆ ಮರ ಹೋಯ್ತು."

ನಾನು ಹಿಂಜವಡಿಯ ಫ್ಲ್ಯಾಟಿನ ಬಾಲ್ಕನಿಯಲ್ಲಿ ನಿಂತಿದ್ದೆ. ಒಳಗೆ ಲ್ಯಾಪ್‌ಟಾಪಿನಲ್ಲಿ ಅಮೆರಿಕದವರ ಜೊತೆ ಮೀಟಿಂಗು ನಡೆಯುತ್ತಿತ್ತು. "ಬರ್ಲಾ ಅಣ್ಣ?" ಅಂದೆ. ರಸ್ತೆ ಇಲ್ಲದಿರುವುದು ಇಬ್ಬರಿಗೂ ಗೊತ್ತಿತ್ತು. ರಸ್ತೆ ಇಲ್ಲ ಎಂಬ ಧೈರ್ಯದ ಮೇಲೆಯೇ ಹಾಗೆ ಕೇಳಿದೆನೋ ಏನೋ ಎಂದು ಆಮೇಲೆ ನನಗೇ ಅನ್ನಿಸಿತು.

ನಾಲ್ಕು ದಿನ ಬಿಟ್ಟು ಇನ್ನೊಂದು ಫೋನು. ಮಳೆ ಹೊಳವಾದ ಮೇಲೆ ಅಣ್ಣ ಚೈನ್ ಸಾ ತಗೊಂಡು ಮರ ತುಂಡು ಮಾಡಲು ಶುರು ಮಾಡಿದ್ದ. ಬುಡದಿಂದ ಒಂದಾಳು ಎತ್ತರದಲ್ಲಿ ಅಪ್ಪ ಯಾವ ಕಾಲದಲ್ಲೋ ಬೇಲಿತಂತಿಗೆ ಹೊಡೆದಿದ್ದ ಮೊಳೆ ಮರದೊಳಗೆ ಮುಚ್ಚಿಹೋಗಿತ್ತು. ಚೈನು ಅದಕ್ಕೆ ತಾಗಿ ಒಂದು ಬದಿಯ ಹಲ್ಲುಗಳೆಲ್ಲ ಮೊಂಡಾಗಿದ್ದವು. ಮೊದಲೇ ಅರ ಹಾಕಿ ಹಾಕಿ ಸವೆದಿದ್ದ ಚೈನು ಅದು. ಹೊಸದು ತರಲೇಬೇಕು.

"ಶಿವಮೊಗ್ಗಕ್ಕೆ ಹೋದಾಗ ತರ್ತೆ ಬಿಡು" ಅಂದ.

"ಬೇಡ ಬೇಡ, ನಾನು ತರ್ತೀನಿ. ಇಲ್ಲಿ ಎಲ್ಲಾ ಬ್ರ್ಯಾಂಡೂ ಸಿಗ್ತದೆ. ಚೌತಿಗೆ ಬರೂಕೆ ಹಿಡ್ಕೊಂಡು ಬರ್ತೀನಿ."

ಅಷ್ಟು ಉತ್ಸಾಹ ಯಾಕೆ ಎಂದು ಕೇಳಿದರೆ ಹೊರಗಿದ್ದು ಊರಲ್ಲಿ ತೋಟವಿರುವವರಿಗೆ ಅರ್ಥವಾಗುತ್ತದೆ. ಅಪ್ಪ ಹೋದಾಗ ಅಣ್ಣ ಪಿಯುಸಿಗೇ ಓದು ಬಿಟ್ಟು ತೋಟಕ್ಕೆ ನಿಂತ. ನಾನು ಬಿಇ ಮೆಕ್ಯಾನಿಕಲ್ ಮುಗಿಸಿದೆ, ಆಮೇಲೆ ಮೆಷಿನ್ ಡಿಸೈನಿನಲ್ಲಿ ಎಂಟೆಕ್ ಮಾಡಿದೆ, ಆಮೇಲೆ ಎಲ್ಲರಂತೆ ಸಾಫ್ಟ್‌ವೇರಿಗೆ ಬಂದೆ. ಆ ಫೀಸು ಅಡಿಕೆಯ ದುಡ್ಡು. ಪಾಲು, ಲೆಕ್ಕ ಎಂದು ಅಣ್ಣ ಇವತ್ತಿನವರೆಗೆ ಒಂದು ಮಾತಾಡಿದವನಲ್ಲ. ಹಾಗಾಗಿ ಊರಿಗೆ ಏನಾದರೂ ತರುವ ಅವಕಾಶ ಸಿಕ್ಕಿದರೆ ನಾನು ಬಿಡುವವನಲ್ಲ. ಅದೂ ಚೈನು! ಚೈನ್ ಡ್ರೈವಿನ ಲೆಕ್ಕ ಮಾಡಿ ಪರೀಕ್ಷೆ ಪಾಸಾದವನು ನಾನು.

ಅಣ್ಣನದು ಸ್ಟಿಲ್ ಕಂಪನಿಯ ಎಂಎಸ್ 250, ಹದಿನೆಂಟು ಇಂಚಿನ ಬಾರು. ನಮ್ಮ ಕಡೆ ಈಚೆಗೆ ಕೊಡಲಿಯಷ್ಟೇ ಸಾಮಾನ್ಯವಾಗಿರುವ ಯಂತ್ರ. ಹದಿನೆಂಟು ಇಂಚಿನ ಚೈನು ಎಂದು ಹುಡುಕಿದರೆ ಸಾಕು ಅಂದುಕೊಂಡು ಶುರು ಮಾಡಿದೆ. ಅರ್ಧ ಗಂಟೆಯಲ್ಲಿ ಅದು ಅಳತೆಯೇ ಅಲ್ಲ ಎಂದು ಗೊತ್ತಾಯಿತು. ಹದಿನೆಂಟು ಇಂಚು ಅನ್ನುವುದು ಬಾರಿನಲ್ಲಿ ಯಂತ್ರದಿಂದ ಹೊರಗೆ ಕಾಣುವ ಭಾಗ, ಮರ ಕೊಯ್ಯುವ ಭಾಗ. ಯಂತ್ರದ ಒಳಗೆ ಬಾರಿನ ಬಾಲ ಎಷ್ಟು ಹೋಗುತ್ತದೆ, ಸ್ಪ್ರಾಕೆಟ್ಟು ಎಷ್ಟು ಹಿಂದಿದೆ ಅನ್ನುವುದು ಒಂದೊಂದು ಯಂತ್ರಕ್ಕೆ ಒಂದೊಂದು. ಎಂಎಸ್ 250ರ ಹದಿನೆಂಟು ಇಂಚಿನ ಬಾರಿಗೆ 68 ಡ್ರೈವ್ ಲಿಂಕಿನ ಚೈನು. ಅದೇ ಸ್ಟಿಲ್‌ನ ಎಂಎಸ್ 261ಕ್ಕೆ, ಅದೇ ಹದಿನೆಂಟು ಇಂಚಿಗೆ, 74. ಹಸ್ಕ್‌ವರ್ನದ ಮಧ್ಯಮ ಗಾತ್ರದ ಯಂತ್ರಗಳಲ್ಲಿ ಅದೇ ಹದಿನೆಂಟು ಇಂಚಿಗೆ 72. ಬಾರುಗಳೂ ಅಷ್ಟೇ. ಸ್ಟಿಲ್‌ನವರಲ್ಲೇ ಸಣ್ಣ ಯಂತ್ರದ ಬಾಲ ಬೇರೆ, ಮಧ್ಯಮದ್ದು ಬೇರೆ. ಹಸ್ಕ್‌ವರ್ನದಲ್ಲೂ ಸಣ್ಣದು, ದೊಡ್ಡದು ಎಂದು ಬೇರೆ ಬೇರೆ. ಬೋಲ್ಟಿಗೆ ಹೇಗೋ ಸಿಕ್ಕಿಸಿದರೂ ಎಣ್ಣೆಯ ತೂತು ಎದುರಾಬದುರಾ ಬರದಿದ್ದರೆ ಬಾರಿಗೆ ಎಣ್ಣೆ ಹೋಗುವುದಿಲ್ಲ, ಸ್ವಲ್ಪ ಹೊತ್ತಿಗೆ ಕಾದು ಅಂಚು ನೀಲಿಯಾಗುತ್ತದೆ.

ಇಷ್ಟು ಬೇರೆ ಬೇರೆಯಿದ್ದೂ ಒಬ್ಬರ ಚೈನು ಇನ್ನೊಬ್ಬರ ಬಾರಿಗೆ ಆಗುವುದಾದರೂ ಹೇಗೆ? ಅದರ ಹಿಂದೆ ಒಂದು ಹುಳದ ಕತೆಯಿದೆ. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನು ಒಂದು ಬೊಡ್ಡೆಯಲ್ಲಿ ಮರ ಕೊರೆಯುವ ಹುಳವನ್ನು ನೋಡಿದ. ಅದರ ಬಾಯಿಯ ಎರಡು ದವಡೆ ಎಡಕ್ಕೂ ಬಲಕ್ಕೂ ಕೊರೆಯುತ್ತ, ಮರದ ಎಳೆ ಉದ್ದವಿರಲಿ ಅಡ್ಡವಿರಲಿ ಸಲೀಸಾಗಿ ಹೋಗುತ್ತಿತ್ತು. ಅದನ್ನೇ ಉಕ್ಕಿನಲ್ಲಿ ಮಾಡಿದ: ಒಂದು ಹಲ್ಲು ಎಡಕ್ಕೆ, ಒಂದು ಬಲಕ್ಕೆ ಬಾಗಿದ ಚೈನು. 1947ರಲ್ಲಿ ಪೋರ್ಟ್‌ಲ್ಯಾಂಡಿನಲ್ಲಿ ಅವನು ಶುರು ಮಾಡಿದ ಕಂಪನಿಯೇ ಇವತ್ತಿನ ಒರೆಗಾನ್. ಇವತ್ತು ಯಾವ ಬ್ರ್ಯಾಂಡಿನ ಚೈನು ತೆಗೆದರೂ ಮೂಲ ಆಕಾರ ಅದೇ. ಆಕಾರ ಒಂದೇ ಆದ್ದರಿಂದ ಎಲ್ಲವೂ ಎಲ್ಲಕ್ಕೂ ಆಗುವ ಹಾಗೆ ಕಾಣುತ್ತದೆ. ನಾನು ಬಿದ್ದದ್ದು ಆ 'ಕಾಣುವುದ'ರಲ್ಲಿ.

ನಾನು ಪ್ರಾಜೆಕ್ಟ್ ಮ್ಯಾನೇಜರು. ಏನೇ ಬರಲಿ, ಮೊದಲು ಒಂದು ಎಕ್ಸೆಲ್ ಶೀಟು ತೆರೆಯುತ್ತೇನೆ. ನಾಲ್ಕು ಕಾಲಮ್ ಮಾಡಿದೆ: ಬಾರಿನ ನಮೂನೆ, ಪಿಚ್, ಡ್ರೈವ್ ಲಿಂಕುಗಳ ಸಂಖ್ಯೆ, ಗೇಜು. ಬಾರು ಹಳೆಯದೇ ಆದ್ದರಿಂದ ಮೊದಲನೆಯದು ಆಯಿತು. ಲಿಂಕು ಎಣಿಸಲು ಅಣ್ಣನಿಗೆ ಹೇಳಿದೆ. ಚೈನಿನ ಹೊಟ್ಟೆಯ ಕಡೆ ಬೆಕ್ಕಿನ ಉಗುರಿನ ಹಾಗೆ ಕೆಳಕ್ಕೆ ಇಳಿದಿರುತ್ತವಲ್ಲ, ಬಾರಿನ ಸಂದಿಯಲ್ಲಿ ಓಡುವ ಕೊಂಡಿಗಳು, ಅವೇ ಡ್ರೈವ್ ಲಿಂಕು. ಅವನು ಎಲೆಯಡಿಕೆ ಡಬ್ಬಿಯಿಂದ ಒಂದು ಕೊಂಡಿಗೆ ಸುಣ್ಣ ಹಚ್ಚಿ ಅಲ್ಲಿಂದ ಎಣಿಸಿ 68 ಅಂದ. ಸರಿ ಹೊಂದಿತು.

ಪಿಚ್ಚಿನಲ್ಲೇ ನನ್ನ ಎಂಟೆಕ್ ಒಮ್ಮೆ ಎಡವಿತು. ನಾವು ಓದಿದ ರೋಲರ್ ಚೈನಿನಲ್ಲಿ ಪಕ್ಕಪಕ್ಕದ ಎರಡು ಪಿನ್ನುಗಳ ನಡುವಿನ ದೂರವೇ ಪಿಚ್. ಅಣ್ಣನಿಗೆ ಎರಡು ರಿವೆಟ್ಟಿನ ದೂರ ಅಳೆದು ಹೇಳು ಅಂದೆ. ಒಮ್ಮೆ ಒಂದು ಹೇಳಿದ, ಇನ್ನೊಮ್ಮೆ ಇನ್ನೊಂದು. ಅವನ ಸ್ಕೇಲೇ ಸರಿಯಿಲ್ಲ ಅಂದುಕೊಂಡೆ. ಗರಗಸದ ಚೈನಿನಲ್ಲಿ ರಿವೆಟ್ಟುಗಳ ನಡುವಿನ ದೂರ ಒಂದೇ ಸಮ ಇರುವುದಿಲ್ಲ. ಸಾಲಾಗಿ ಮೂರು ರಿವೆಟ್ಟು ಹಿಡಿದು, ಮೊದಲನೆಯದರಿಂದ ಮೂರನೆಯದಕ್ಕೆ ಅಳೆದು, ಅರ್ಧ ಮಾಡಬೇಕು. ಹಾಗೆ ಮಾಡಿದಾಗ 0.325 ಇಂಚು ಬಂತು.

ನಾಲ್ಕನೆಯದು ಗೇಜು: ಡ್ರೈವ್ ಲಿಂಕಿನ ದಪ್ಪ, ಅಂದರೆ ಬಾರಿನ ಸಂದಿಯ ಅಗಲ. ಚಾಲ್ತಿಯಲ್ಲಿರುವುದು ಮುಖ್ಯವಾಗಿ ನಾಲ್ಕು: 1.1, 1.3, 1.5, 1.6 ಮಿಲಿಮೀಟರ್. ಇದನ್ನು ಸ್ಕೇಲಿನಲ್ಲಿ ಅಳೆಯಲಾಗದು, ವರ್ನಿಯರ್ ಬೇಕು. ಮನೆಯಲ್ಲಿ ವರ್ನಿಯರ್ ಇಲ್ಲ. ಒಂದು ಪಟ್ಟಿಯಲ್ಲಿ '0.325, 1.3' ಎಂದು ಜೊತೆಯಾಗಿ ನೋಡಿದ್ದೆ. ಆ ಕಾಲಮ್ಮಿನಲ್ಲಿ 1.3 ಎಂದು ತುಂಬಿ, ಪಕ್ಕದಲ್ಲಿ 'ಅಂದಾಜು' ಎಂದು ಬರೆದೆ. ಆಫೀಸಿನಲ್ಲಿ ನನ್ನ ತಂಡದ ಹುಡುಗರು ಹಾಗೆ ಬರೆದರೆ ನಾನು ಬಿಡುವುದಿಲ್ಲ. ಯಾರು ಪರೀಕ್ಷಿಸುತ್ತಾರೆ, ಯಾವತ್ತು ಎಂದು ಕೇಳುತ್ತೇನೆ. ಈ ಶೀಟನ್ನು ಕೇಳುವವರು ಯಾರೂ ಇರಲಿಲ್ಲ. ಬೇರೊಂದು ಬ್ರ್ಯಾಂಡಿನ ಚೈನು, 68 ಲಿಂಕು, 0.325, ಆರ್ಡರ್ ಮಾಡಿದೆ. ಮೂರು ದಿನದಲ್ಲಿ ಬಂತು. ಒಳ್ಳೆಯ ಚೈನು, ಅದರಲ್ಲಿ ಯಾವ ದೋಷವೂ ಇರಲಿಲ್ಲ. ಅದು ಬೇರೆ ಬಾರಿನ ಚೈನು, ಅಷ್ಟೆ.

ಚೌತಿಯ ಮಾರನೇ ದಿನ ಬೆಳಿಗ್ಗೆ ತೋಟಕ್ಕೆ ಹೋದೆವು. ಹಲಸಿನ ಮರ ಮಲಗಿತ್ತು. ಅಣ್ಣ ಬಾರು ಬಿಚ್ಚಿ, ಸಂದಿಯ ಎಣ್ಣೆಕೊಳೆ ತೆಗೆದು, ಚೈನು ಕೂರಿಸಿದ. ಎಷ್ಟು ಸಲೀಸಾಗಿ ಕೂತಿತೆಂದರೆ ನಾನು ಮೊಬೈಲು ತೆಗೆದು ಫೋಟೋ ಹೊಡೆದೆ. ದಪ್ಪ ಚೈನನ್ನು ಸಣ್ಣ ಸಂದಿಗೆ ತಂದಿದ್ದರೆ ಅದು ಒಳಗೇ ಹೋಗುತ್ತಿರಲಿಲ್ಲ, ಅಲ್ಲಿಗೇ ಕತೆ ಮುಗಿಯುತ್ತಿತ್ತು. ತೆಳು ಚೈನು ಅಗಲ ಸಂದಿಯಲ್ಲಿ ಯಾವ ತಕರಾರೂ ಇಲ್ಲದೆ ಕೂರುತ್ತದೆ, ಓಡುತ್ತದೆ, ಕೊಯ್ಯುತ್ತದೆ ಕೂಡ. ಅಣ್ಣ ಬಿಗಿ ಮಾಡಿ, ಹೆಬ್ಬೆರಳಿನಿಂದ ಚೈನನ್ನು ಒಂದೆರಡು ಸಲ ಆ ಕಡೆ ಈ ಕಡೆ ಅಲ್ಲಾಡಿಸಿದ್ದು ನೆನಪಿದೆ. ನನ್ನ ಮುಖ ನೋಡಿದ. ಏನೂ ಹೇಳಲಿಲ್ಲ. ಯಂತ್ರದ ಹಗ್ಗ ಎಳೆದ.

ಹೊಸ ಹಲ್ಲಿನ ಹೊಡೆತಕ್ಕೆ ಹಳದಿ ಚಕ್ಕೆ ಹಾರಿತು. ಹಲಸಿನ ತಿರುಳಿನ ವಾಸನೆ. ಮೊದಲ ತುಂಡು ಬಿದ್ದ ಮೇಲೆ ನೋಡಿದರೆ ಕೊಯ್ದ ಮೈ ಚಪ್ಪಟೆ ಇರಲಿಲ್ಲ, ಕತ್ತಿಯ ಹಾಗೆ ಒಂದು ಕಡೆಗೆ ಬಾಗಿತ್ತು. ಸಾಮಾನ್ಯವಾಗಿ ಒಂದು ಬದಿಯ ಹಲ್ಲು ಮೊಂಡಾದರೆ ಹೀಗಾಗುತ್ತದೆ. ಇದು ಪೆಟ್ಟಿಗೆಯಿಂದ ಈಗ ತೆಗೆದ ಚೈನು. "ಎಂತದೋ ವಾಲ್ತದಲ್ಲ" ಅಂದ. ಇನ್ನೊಮ್ಮೆ ಬಿಗಿ ಮಾಡಿದ. ಎರಡನೇ ತುಂಡೂ ಹಾಗೇ. ಮೂರನೆಯದರ ಅರ್ಧಕ್ಕೆ ಬಂದಾಗ ಟಪ್ ಎಂದು ಸದ್ದಾಯಿತು.

ಚೈನು ಬಾರಿನಿಂದ ಕಳಚಿತ್ತು. ಇಂಥ ಹೊತ್ತಿಗೆಂದೇ ಯಂತ್ರದ ಕೆಳಗೆ ಒಂದು ಕೊಕ್ಕೆ ಇರುತ್ತದೆ, ಚೈನ್ ಕ್ಯಾಚರ್. ಅದು ಹಿಡಿಯಿತು. ಹಿಡಿದರೂ ಚೈನಿನ ತುದಿ ಒಂದು ಸುತ್ತು ಬೀಸಿ ಅಣ್ಣನ ಬಲಗಾಲಿನ ಗಮ್‌ಬೂಟಿಗೆ ಬಡಿದಿತ್ತು. ರಬ್ಬರು ಮೇಲಿಂದ ಕೆಳಗೆ ಗೇಣುದ್ದ ಸೀಳಿತ್ತು. ಒಳಗೆ ಕಾಲಿಗೆ ಒಂದು ಗೆರೆ, ಅಲ್ಲಲ್ಲಿ ರಕ್ತ ಜಿನುಗುವಷ್ಟು. ಅಷ್ಟೆ. ಬೂಟು ಇಲ್ಲದೆ ಲುಂಗಿಯಲ್ಲಿ ಬಂದಿದ್ದರೆ ಎಂಬುದನ್ನು ನಾವಿಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ನಮ್ಮ ಕಡೆ ಹಾಗೆ ಬರುವವರೇ ಹೆಚ್ಚು.

ಅವನು ಮರದ ದಿಮ್ಮಿಯ ಮೇಲೆ ಕೂತ. ಸ್ವಲ್ಪ ಹೊತ್ತು ಬಿಟ್ಟು ಹಳೆಯ ಮೊಂಡು ಚೈನನ್ನು ಚೀಲದಿಂದ ತೆಗೆದು ಅದರ ಒಂದು ಕೊಂಡಿಯನ್ನು ಬಾರಿನ ಸಂದಿಯಲ್ಲಿಟ್ಟ. ಅಲ್ಲಾಡಿಸಿದ. ಅಲ್ಲಾಡಲಿಲ್ಲ. ಹೊಸದನ್ನು ಇಟ್ಟ. ಅದು ಸಡಿಲ ಹಲ್ಲಿನ ಹಾಗೆ ಎರಡೂ ಕಡೆ ವಾಲಿತು.

"ತೆಳು ಇದು" ಅಂದ.

"ಕೂರಿಸುವಾಗಲೇ ಗೊತ್ತಾಯ್ತಾ ನಿಂಗೆ?"

"ಹೂಂ, ಕೈಗೆ ಅನ್ನಿಸ್ತು."

"ಮತ್ತೆ ಹೇಳ್ಬಾರ್ದಿತ್ತಾ ಅಣ್ಣ?"

"ನೀನು ಅಷ್ಟೆಲ್ಲ ಅಳತೆ ಕೇಳಿ, ಲೆಕ್ಕ ಮಾಡಿ ತಂದಿದೀಯ. ಓದಿದವ. ನಾನೆಂತ ಹೇಳೂದು? ಹೊಸ ನಮೂನೆ ಹೀಗೇ ಇರ್ತದೇನೋ ಅಂತ ಮಾಡ್ದೆ."

ಅವನು ಅದನ್ನು ಕೊಂಕಾಗಿ ಹೇಳಲಿಲ್ಲ. ಅದಕ್ಕೇ ಅದು ಇನ್ನೂ ಹೋಗಿಲ್ಲ. ಇಪ್ಪತ್ತೈದು ವರ್ಷ ಮರ ಕೊಯ್ದ ಕೈ ಸರಿಯಾಗಿಯೇ ಹೇಳಿತ್ತು. ನನ್ನ ನಾಲ್ಕು ಕಾಲಮ್ಮಿನ ಶೀಟು ನೋಡಿ ಅವನು ಆ ಕೈಯನ್ನು ನಂಬಲಿಲ್ಲ. ಅವನ ಕಾಲು ಸೀಳಲು ಹೊರಟದ್ದು ನನ್ನ ಓದಿನ ಮೇಲೆ ಅವನಿಗಿದ್ದ ಮರ್ಯಾದೆ.

ಮನೆಗೆ ಬಂದಾಗ ಅತ್ತಿಗೆ ಬೂಟು ನೋಡಿದರು, ಕಾಲು ನೋಡಿದರು, ಅರಿಶಿನ ಹಚ್ಚಿದರು. "ಮೊಳೆ ಏನಾದ್ರೂ ತಾಗ್ತಾ?" ಅಂದರು. "ಹೂಂ, ಮೊಳೆ" ಅಂದ ಅಣ್ಣ. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಫಿ ಕೇಳಿದ.

ಪುಣೆಗೆ ವಾಪಸು ಬರುವಾಗ ಹಳೆಯ ಬಾರನ್ನೂ ಹಳೆಯ ಚೈನಿನ ಒಂದು ತುಂಡನ್ನೂ ಗೋಣಿಯಲ್ಲಿ ಸುತ್ತಿ ತಂದೆ. ಮೊದಲು ಮಾಡಿದ್ದು ಒಬ್ಬ ಗೆಳೆಯನ ವರ್ಕ್‌ಶಾಪಿಗೆ ಹೋಗಿ ವರ್ನಿಯರ್ ಹಿಡಿದದ್ದು. ಹಳೆಯ ಕೊಂಡಿ 1.6, ಹೊಸದು 1.3. ವ್ಯತ್ಯಾಸ 0.3 ಮಿಲಿಮೀಟರ್, ಪ್ರಿಂಟರಿಗೆ ಹಾಕುವ ಕಾಗದ ಮೂರು ಹಾಳೆ ಒಟ್ಟಿಗಿಟ್ಟಷ್ಟು ದಪ್ಪ.

ಶನಿವಾರ ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್ಟಿನ ಕಡೆ ಹೋದೆ. ಅಲ್ಲೊಂದು ಸಣ್ಣ ರಿಪೇರಿ ಅಂಗಡಿ, ನನಗಿಂತ ಹಿರಿಯರೊಬ್ಬರು. ನಾನು ನನ್ನ ಶೀಟಿನ ಪ್ರಿಂಟು ಕೊಡಲು ಹೋದೆ. ಅವರು ಅದನ್ನು ನೋಡಲೇ ಇಲ್ಲ. "ಬಾರ್ ಆಣ್ಲಾಯ್ ಕಾ?" ಅಂದರು. ಗೋಣಿ ಬಿಚ್ಚಿ ಕೊಟ್ಟೆ. ಬಾಲದ ಹತ್ತಿರ ಸೀಮೆಎಣ್ಣೆ ಬಟ್ಟೆಯಿಂದ ಉಜ್ಜಿ ನನಗೆ ತೋರಿಸಿದರು. ಕೊಳೆಯ ಕೆಳಗೆ ಎಲ್ಲವೂ ಅಚ್ಚಾಗಿತ್ತು: ಪಿಚ್ಚು, ಗೇಜು, ಲಿಂಕಿನ ಲೆಕ್ಕ. ನಾನು ಅಣ್ಣನಿಂದ ಫೋನಿನಲ್ಲಿ ಅಳೆಸಿದ್ದೆಲ್ಲ, ಅಳೆಸದೆ ಬಿಟ್ಟದ್ದೂ, ಅಲ್ಲೇ ಇತ್ತು. ಬಟ್ಟೆಯಲ್ಲಿ ಒರೆಸಿ ಓದು ಎಂದು ಹೇಳುವುದು ನನಗೆ ಹೊಳೆದಿರಲಿಲ್ಲ.

ಚೈನಿನಲ್ಲೂ ಇರುತ್ತದೆ ಎಂದು ಅವರು ತುಂಡನ್ನು ಬೆಳಕಿಗೆ ಹಿಡಿದರು. ಸ್ಟಿಲ್ ಚೈನಿನ ಡ್ರೈವ್ ಲಿಂಕಿನ ಮೇಲೆ ಒಂದೇ ಒಂದು ಅಂಕಿ ಇರುತ್ತದೆ, ಮಿಲಿಮೀಟರಿನ ಕೊನೆಯ ಅಂಕಿ. 6 ಎಂದರೆ 1.6, 3 ಎಂದರೆ 1.3. ಹಲ್ಲಿನ ಮುಂದಿನ ಗುಬಟೆಯ ಮೇಲೆ ಇನ್ನೊಂದು ಅಂಕಿ ಪಿಚ್ಚಿಗೆ: 2 ಎಂದರೆ 0.325, 3 ಎಂದರೆ ಮೂರೆಂಟಂಶ ಇಂಚು. ಎರಡೂ ಸೇರಿ ಪೆಟ್ಟಿಗೆಯ ಮೇಲೆ 26 ಎಂದು ಬರುತ್ತದೆ. ಅದೇ ಅಳತೆಯನ್ನು ಒರೆಗಾನ್‌ನವರು 22 ಅನ್ನುತ್ತಾರೆ. ಅವರಲ್ಲಿ 20 ಎಂದರೆ 1.3, 21 ಎಂದರೆ 1.5, ಪಿಚ್ಚು ಮೂರಕ್ಕೂ ಒಂದೇ. ಒರೆಗಾನ್‌ನವರ 72 ಎಂದರೆ ಮೂರೆಂಟಂಶದ ಚೈನಿನ ಜಾತಿ. ಹಸ್ಕ್‌ವರ್ನದವನು 72 ಕೊಡಿ ಎಂದರೆ ಅವನು ಕೇಳುತ್ತಿರುವುದು ಲಿಂಕಿನ ಲೆಕ್ಕ. ಮೂರೆಂಟಂಶದಲ್ಲೂ ಎರಡು ಜಾತಿ: ಒಂದು ದೊಡ್ಡ ಯಂತ್ರದ್ದು, ಇನ್ನೊಂದು ಸಣ್ಣ ಯಂತ್ರದ ಗಿಡ್ಡ ಚೈನು. ಹೆಸರಿನಲ್ಲಿ ಇಂಚು ಒಂದೇ, ಒಂದರ ಜಾಗದಲ್ಲಿ ಇನ್ನೊಂದು ಹಾಕುವಂತಿಲ್ಲ. ಸ್ಪ್ರಾಕೆಟ್ಟಿನ ಪಿಚ್ಚೂ ಬಾರಿನ ಮೂತಿಯ ಚಕ್ರದ ಪಿಚ್ಚೂ ಚೈನಿನದಕ್ಕೆ ಸರಿಯಿರಬೇಕು. ಅರವೂ ಬೇರೆ: 0.325ಕ್ಕೆ 4.8 ಮಿಲಿಮೀಟರಿನ ದುಂಡರ, ಗಿಡ್ಡ ಚೈನಿಗೆ 4.

"ಇಷ್ಟೆಲ್ಲ ಹೇಗೆ ನೆನಪಿಟ್ಟುಕೊಳ್ಳೋದು?" ಎಂದು ನನ್ನ ಹರಕು ಮರಾಠಿಯಲ್ಲಿ ಕೇಳಿದೆ. ನೆನಪು ಯಾಕೆ, ಬಾರು ತನ್ನಿ ಅಂದರು. ಹೊಸ ಚೈನಿನ ಒಂದು ಕೊಂಡಿಯನ್ನು ಸಂದಿಯಲ್ಲಿಟ್ಟು ಹೆಬ್ಬೆರಳಿನಿಂದ ಆ ಕಡೆ ಈ ಕಡೆ ಅಲ್ಲಾಡಿಸಿದರು. ಥೇಟ್ ಅಣ್ಣನ ಹಾಗೆ. ಅಲ್ಲಾಡದ್ದನ್ನು ಕಟ್ಟಿ ಕೊಟ್ಟರು. ಬಾರಿನ ಅಂಚು ಒಂದು ಕಡೆ ಹೆಚ್ಚು ಸವೆದಿದೆ, ಆಗಾಗ ಮಗುಚಿ ಹಾಕಲು ಹೇಳಿ ಎಂದೂ, ಎರಡು ಚೈನು ಸವೆದಾಗ ಸ್ಪ್ರಾಕೆಟ್ಟು ಬದಲಿಸಿ ಎಂದೂ ಹೇಳಿದರು.

ಪಾರ್ಸೆಲ್ ಕಳಿಸಿ ಫೋನು ಮಾಡಿದೆ. "ಅಣ್ಣ, ಹಾಕೂಕೆ ಮುಂಚೆ ಅಲ್ಲಾಡ್ಸಿ ನೋಡು. ಸಡಿಲ ಅನ್ನಿಸಿದ್ರೆ ಹಾಕ್ಲೇಬೇಡ. ನಾನು ಎಂತ ಹೇಳಿದ್ರೂ ಹಾಕ್ಬೇಡ." ಅವನು ನಕ್ಕ.

ದೀಪಾವಳಿಗೆ ಹೋದಾಗ ಹಲಸಿನ ದಿಮ್ಮಿ ಮಿಲ್ಲಿಗೆ ಹೋಗಿ ಹಲಗೆಯಾಗಿ ಬಂದು ಅಟ್ಟದ ಮೇಲೆ ಒಣಗುತ್ತಿತ್ತು. ವಾಲಿ ಕೊಯ್ದ ಎರಡು ತುಂಡು ಮಾತ್ರ ಅಂಗಳದ ಮೂಲೆಯಲ್ಲಿದ್ದವು. ಒಂದರ ಮೇಲೆ ಅತ್ತಿಗೆ ತುಳಸಿಯ ಚಟ್ಟಿ ಇಟ್ಟಿದ್ದರು. ಚಟ್ಟಿ ಸ್ವಲ್ಪ ಓರೆ ನಿಂತಿತ್ತು. ನಾನು ತಂದ ತಪ್ಪು ಚೈನು ಕೊಟ್ಟಿಗೆಯ ಕಂಬದ ಮೊಳೆಗೆ ನೇತಾಡುತ್ತಿತ್ತು.

"ಬಿಸಾಡ್ಲಿಲ್ವಾ ಇದನ್ನ?"

"ಎಂತಕ್ಕೆ ಬಿಸಾಡೂದು? ಚೈನು ಚೆನ್ನಾಗೇ ಇದೆ. ಆಚೆಮನೆಯವರ ಹಸ್ಕ್‌ವರ್ನಕ್ಕೆ ಇಟ್ಟು ನೋಡ್ದೆ. ದಪ್ಪ ಸರಿ ಹೋಗ್ತದೆ, ನಾಲ್ಕು ಲಿಂಕು ಕಮ್ಮಿ. ಯಾರದ್ದಾದ್ರೂ ಬಾರಿಗೆ ಆಗ್ತದೆ, ಇರ್ಲಿ."

ಆ ರಾತ್ರಿ ಊಟಕ್ಕೆ ಕೂತಾಗ ಅತ್ತಿಗೆಗೆ ಹೇಳಿದೆ, ಅವತ್ತು ತಾಗಿದ್ದು ಮೊಳೆ ಅಲ್ಲ ಎಂದು. "ಗೊತ್ತು" ಅಂದರು ಅವರು, ಅನ್ನ ಬಡಿಸುತ್ತ. ಅಣ್ಣ ತಲೆ ಎತ್ತಲಿಲ್ಲ.

ಈಗಲೂ ಊರಿಗೆ ಏನಾದರೂ ತರುತ್ತಿರುತ್ತೇನೆ: ಮೋಟಾರಿನ ಸೀಲು, ಸ್ಪ್ರೇಯರಿನ ನಾಝಲ್ಲು. ಶೀಟು ಮಾಡುವುದು ಬಿಟ್ಟಿಲ್ಲ, ಅದು ನನ್ನ ಹೊಟ್ಟೆಪಾಡು. ನಾಲ್ಕು ಕಾಲಮ್ಮಿನ ಪಕ್ಕ ಐದನೆಯದೊಂದು ಸೇರಿಸಿದ್ದೇನೆ. ಅದಕ್ಕೆ ತಲೆಬರಹ ಹಾಕಿಲ್ಲ. ಸಾಮಾನು ಅವನ ಕೈಗೆ ಕೊಟ್ಟ ಮೇಲೆ ಕೇಳುತ್ತೇನೆ, "ಹೇಗನ್ನಿಸ್ತದೆ ಅಣ್ಣ?" ಅವನು ಈಗ ಸುಮ್ಮನಿರುವುದಿಲ್ಲ. ಹೋದ ಬೇಸಿಗೆಯಲ್ಲಿ ನಾನು ತಂದ ಪಂಪಿನ ವಾಷರನ್ನು ಬೆರಳಲ್ಲಿ ತಿರುಗಿಸಿ ನೋಡಿ, "ಇದು ನಮ್ದಲ್ಲ ಮಾರಾಯ, ವಾಪಸ್ ಮಾಡು" ಅಂದ. ಆ ಕಾಲಮ್ಮಿನಲ್ಲಿ ಅದನ್ನೇ ಬರೆದುಕೊಂಡೆ.